ಮುಜುಗರದ ವಾರಸುದಾರರು

ಬಸ್ಸಿನಲ್ಲಿ ಜನ ಮರೆತು ಇಳಿಯುವ ಸಾಮಾನುಗಳನ್ನು ನೋಡಿದರೆ ಮನುಷ್ಯಜಾತಿ ಇಷ್ಟು ಕಾಲ ಬದುಕಿ ಉಳಿದದ್ದೇ ದೊಡ್ಡದು ಅನ್ನಿಸುತ್ತದೆ. ಕೊಡೆ, ಕನ್ನಡಕ, ಊಟದ ಡಬ್ಬಿ, ಇವೆಲ್ಲ ಇರಲಿ. ಒಂದೇ ಒಂದು ಬೂಟು ಬಿಟ್ಟು ಇಳಿದವರು ಮನೆಗೆ ಹೇಗೆ ನಡೆದು ಹೋದರು? ಹಲ್ಲಿನ ಸೆಟ್ಟು ಮರೆತವರು ತಮ್ಮ ಸ್ಟಾಪಿನ ಹೆಸರನ್ನು ಕಂಡಕ್ಟರಿಗೆ ಹೇಗೆ ಹೇಳಿದರು? ಆದರೆ ಇಂಥ ಪ್ರಶ್ನೆ ಕೇಳುವುದಕ್ಕೆ ನಮಗೆ ಸಂಬಳ ಕೊಡುವುದಿಲ್ಲ. ನಮ್ಮದು ಬಸ್ ಡಿಪೋದ ಕಳೆದ ವಸ್ತುಗಳ ವಿಭಾಗ. ಬಂದದ್ದನ್ನು ರಿಜಿಸ್ಟರಿಗೆ ಹತ್ತಿಸುವುದು, ಚೀಟಿ ಕಟ್ಟಿ ಕಪಾಟಿನಲ್ಲಿಡುವುದು, ವಾರಸುದಾರರು ಬಂದರೆ ಗುರುತು ಕೇಳಿ ಕೈಗೆ ಕೊಡುವುದು, ಅಷ್ಟೇ ನಮ್ಮ ಕೆಲಸ.

ನಮ್ಮ ಮೇಡಂಗೆ ಜಗತ್ತಿನಲ್ಲಿ ಆಗದಿರುವುದು ಒಂದೇ, ಖಾಲಿ ಕಾಲಂ. ವಸ್ತು, ಬಣ್ಣ, ಸಿಕ್ಕಿದ ಬಸ್ಸು, ಸೀಟು, ಎಲ್ಲಿಂದ ಬಂತು, ಯಾರದು ಎಂಬ ಆರು ಕಾಲಂ ಭರ್ತಿಯಾಗದೆ ಒಂದು ಕರ್ಚೀಫೂ ಕಪಾಟು ಸೇರುವಂತಿಲ್ಲ. "ಖಾಲಿ ಕಾಲಂ ಅಂದ್ರೆ ತೆರೆದಿಟ್ಟ ಬಾಗಿಲು ಕಣ್ರೀ. ನಾಳೆ ಯಾರು ಬೇಕಾದ್ರೂ ನುಗ್ತಾರೆ" ಎನ್ನುವುದು ಅವರ ಸಿದ್ಧಾಂತ. ಬಾಗಿಲು ಭದ್ರ ಮಾಡಲು ಹೋಗಿ ಗೋಡೆಯನ್ನೇ ಕೆಡವಿಕೊಂಡ ಕಥೆ ಇದು.

ಪ್ರತಿ ವಿಭಾಗದಲ್ಲೂ ದಿನಕ್ಕೊಂದು ಪದ ಬರೆದು ಹಾಕಬೇಕೆಂದು ಮೇಲಿನಿಂದ ಸುತ್ತೋಲೆ ಬಂತು. ಮೇಡಂ ಕೌಂಟರಿನ ಪಕ್ಕದ ಗೋಡೆಗೆ ಕಪ್ಪು ಹಲಗೆ ಹೊಡೆಸಿ, ತಾವೇ ಸ್ಕೇಲು ಹಿಡಿದು ಪದ, ಅರ್ಥ, ಮೂಲ ಎಂದು ಮೂರು ಕಾಲಂ ಎಳೆದರು. ಬರೆಯುವ ಕೆಲಸ ಪರವಾಗಿಲ್ಲಯ್ಯನ ಹೆಗಲಿಗೆ ಬಿತ್ತು. ಅವನ ಅಕ್ಷರ ದುಂಡಗಿತ್ತು, ಮತ್ತು ಆಗೋದಿಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ.

ಪರವಾಗಿಲ್ಲಯ್ಯ ನನ್ನ ಪಕ್ಕದ ಮೇಜಿನವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಕಾಣಿಸುತ್ತದೆ. ಒಮ್ಮೆ ಕಬ್ಬಿಣದ ಟ್ರಂಕೊಂದು ಅವನ ಕಾಲ ಮೇಲೆ ಬಿತ್ತು. ಸುತ್ತ ಯಾರೂ ಇರಲಿಲ್ಲ, ಬಾಗಿಲಾಚೆ ನಾನಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಆದರೂ ಅವನು "ಪರವಾಗಿಲ್ಲ" ಅಂದ. ಟ್ರಂಕಿಗೆ ಅಂದದ್ದು. ಅವತ್ತಿನಿಂದ ಆ ಹೆಸರು ನಿಂತಿತು. ಹೆಂಡತಿ ಕೂಡ ಫೋನು ಮಾಡಿ "ಪರವಾಗಿಲ್ಲಯ್ಯ ಇದಾರಾ?" ಎಂದೇ ಕೇಳುತ್ತಾಳೆ.

ಮೊದಲ ವಾರ ಎಲ್ಲ ಸುಸೂತ್ರ. ನಮ್ಮಲ್ಲಿ ಒಂದು ನಿಘಂಟು ಇದೆ. ಯಾರೋ ಬಸ್ಸಿನಲ್ಲಿ ಬಿಟ್ಟುಹೋದದ್ದು, ಮೂರು ವರ್ಷದಿಂದ ಯಾರೂ ಕೇಳಿಕೊಂಡು ಬಂದಿಲ್ಲ. ಅದನ್ನು ನೋಡಿ ಕಪಾಟು, ಕಾಗದ ಎಂದು ಬರೆದ. ಎರಡನೆಯ ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಕೈ ಬೀಸಿದರು ಎಂದು ತಾನೂ ಬೀಸಿದ. ಅವರು ಬೀಸಿದ್ದು ಹಿಂದಿನ ಸೀಟಿನವರಿಗೆ. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ಮೇಲಿನ ಕಂಬಿ ಹಿಡಿದು ನಿಂತ, ನಿಂತ ಮೇಲೆ ಕೂರಲು ನಾಚಿಕೆಯಾಗಿ ಎರಡು ಸ್ಟಾಪ್ ಮೊದಲೇ ಇಳಿದು ನಡೆದು ಬಂದ. ಬಂದವನೇ ಹಲಗೆಯ ಮೇಲೆ "ಮುಜುಗರ" ಎಂದು ಬರೆದ. ಅರ್ಥದ ಕಾಲಮ್ಮಿಗೆ ನಿಘಂಟನ್ನೂ ನೋಡಲಿಲ್ಲ, ಸ್ವಂತ ಅನುಭವದಿಂದಲೇ ತುಂಬಿದ: "ನಾಲ್ಕು ಜನರ ನಡುವೆ ಕೈಕಾಲು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುವುದು, ಸಂಕೋಚ, ಇರಿಸುಮುರಿಸು."

ಮೂಲಕ್ಕೆ ನಿಘಂಟು ತೆರೆದರೆ, ಆ ಪುಟದ ಅಂಚನ್ನು ಇಲಿ ತಿಂದಿತ್ತು. ಪದ ಇತ್ತು, ಅರ್ಥ ಇತ್ತು, ಮುಂದೆ ಹಲ್ಲಿನ ಗುರುತು. ಅವನು ಕಾಲಮ್ಮಿನಲ್ಲಿ "ಅನ್ವಯಿಸುವುದಿಲ್ಲ" ಎಂದು ಬರೆದ.

ಮೇಡಂ ಹಲಗೆಯ ಮುಂದೆ ನಿಂತುಬಿಟ್ಟರು. "ಇದೇನ್ರೀ ಇದು? ಹರಿದ ಕೊಡೆಗೂ ಒಂದು ಬಸ್ ನಂಬರಿರತ್ತೆ. ಈ ಪದ ಏನು ಆಕಾಶದಿಂದ ಉದುರಿತಾ? ಹತ್ತು ನಿಮಿಷದಲ್ಲಿ ಭರ್ತಿ ಆಗಿರ್ಬೇಕು."

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಕೌಂಟರಿನ ಹೊರಗೆ ಹತ್ತು ಜನ ನಿಂತು ಇವನ ಮುಖವನ್ನೇ ನೋಡುತ್ತಿದ್ದರು. ಪರವಾಗಿಲ್ಲಯ್ಯ ಸೀಮೆಸುಣ್ಣ ಎತ್ತಿದ. ಕೈ ತಾನಾಗಿ ಓಡಿತು: "ಹಿಂದೆ ಅರಮನೆಗಳಲ್ಲಿದ್ದ ಒಂದು ಹುದ್ದೆ. ದರ್ಬಾರಿನಲ್ಲಿ ಯಾರಾದರೂ ತಪ್ಪು ಮಾಡಿ ತಲೆ ತಗ್ಗಿಸಬೇಕಾಗಿ ಬಂದರೆ, ಅವರ ಬದಲಿಗೆ ತಲೆ ತಗ್ಗಿಸಲು ನೇಮಿಸಿದ ನೌಕರ."

"ಎಲ್ಲಿ ಸಿಕ್ತೋ ಇದು?" ಎಂದು ನಾನು ಪಿಸುಗುಟ್ಟಿದೆ.

"ಎಲ್ಲೂ ಇಲ್ಲ ಕಣೋ. ಸಂಜೆ ಅಳಿಸ್ತೀನಲ್ಲ, ಪರವಾಗಿಲ್ಲ."

ಬೇರೆ ಕಡೆಯಾಗಿದ್ದರೆ ಜನ ಇದು ನಿಜವೋ ಸುಳ್ಳೋ ಎಂದು ಕೇಳುತ್ತಿದ್ದರು. ನಾವು ನೌಕರರು. ಹುದ್ದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಪ್ರಶ್ನೆಗಳೇ ಬೇರೆ. ಮೊದಲು ಬಂದವರು ಸೀಲಕ್ಕ. ಕಾಗದಪತ್ರ ತೆಗೆದುಕೊಂಡು ಸೀಲು ಹೊಡೆಯುವುದು ಅವರ ಕೆಲಸ. ಮೇಜಿನ ಮೇಲೆ ಏನಿಟ್ಟರೂ ಓದದೆ ಹೊಡೆಯುತ್ತಾರೆ. ಒಮ್ಮೆ ನನ್ನ ರೊಟ್ಟಿಯ ಪೊಟ್ಟಣಕ್ಕೂ ಸೀಲು ಬಿದ್ದಿತ್ತು.

"ಪರ್ಮನೆಂಟಾ, ಟೆಂಪರರಿಯಾ?" ಎಂದು ಕೇಳಿದರು.

"ಪರ್ಮನೆಂಟ್ ಅಕ್ಕಾ."

"ತಲೆ ತಗ್ಗಿಸಿ ತಗ್ಗಿಸಿ ಕತ್ತು ಹಿಡ್ಕೊಂಡ್ರೆ ಮೆಡಿಕಲ್ ರಜೆ ಕೊಡ್ತಿದ್ರಾ?"

"ಕೊಡ್ತಿದ್ರು."

"ರಿಟೈರ್ ಆದ್ಮೇಲೆ ಆ ಜಾಗಕ್ಕೆ ಯಾರು?"

"ಮಗ. ವಂಶಪಾರಂಪರ್ಯ" ಎಂದ ಪರವಾಗಿಲ್ಲಯ್ಯ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಡಂ ದೂರದಿಂದ "ಅದನ್ನೂ ಸೇರಿಸಿ, ಪೂರ್ತಿ ಮಾಹಿತಿ ಇರ್ಲಿ" ಅಂದರು. ಅವನು ಕೊನೆಗೆ "ವಂಶಪಾರಂಪರ್ಯ" ಎಂದೂ ಸೇರಿಸಿದ.

ಆ ಮಧ್ಯಾಹ್ನ ಒಬ್ಬ ತಾತ ಕೌಂಟರಿಗೆ ಬಂದರು. ಗಡಿಯಾರ ರಿಪೇರಿಯವರು. ಮಾತಾಡುವಾಗಲೂ ಒಂದು ಕಣ್ಣು ಚಿಕ್ಕದು ಮಾಡುವ ಅಭ್ಯಾಸ. ತಮ್ಮ ಕೊಡೆ ಕೇಳಲು ಬಂದವರು, ಸಾಲಿನಲ್ಲಿ ತಮಗಿಂತ ಮುಂದಿದ್ದ ಮನುಷ್ಯ ಅದೇ ಕೊಡೆಯನ್ನು ತನ್ನದೆಂದು ಹೇಳಿ ಒಯ್ಯುವುದನ್ನು ನೋಡುತ್ತ ನಿಂತಿದ್ದರು.

"ನಿಮ್ಮದು ಯಾವ ಕೊಡೆ ಯಜಮಾನ್ರೇ?" ಎಂದು ಪರವಾಗಿಲ್ಲಯ್ಯ ಕೇಳಿದ.

"ಈಗ ಅವರು ತಗೊಂಡು ಹೋದ್ರಲ್ಲ, ಅದು."

"ಅಯ್ಯೋ! ಹೇಳ್ಬಾರ್ದಾಗಿತ್ತಾ?"

"ಪಾಪ, ಇಷ್ಟು ಜನದ ಮುಂದೆ ಅವರು ಏನು ಅಂದ್ಕೊಳ್ತಿದ್ರೋ" ಎಂದು ತಾತ ಹಿಂದೆ ಸರಿದರು. ಸರಿಯುವಾಗ ಹಲಗೆ ಕಣ್ಣಿಗೆ ಬಿತ್ತು. ಒಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಜೇಬಿನಿಂದ ಪೆನ್ಸಿಲು ತೆಗೆದು ಅಕ್ಷರ ಬಿಡದೆ ಬರೆದುಕೊಂಡರು. ಹೊರಗೆ ಮಳೆ ಹಿಡಿದಿತ್ತು. ತಾತ ನೆನೆದುಕೊಂಡೇ ಹೋದರು, ಆದರೆ ಬೆನ್ನು ನೆಟ್ಟಗಿತ್ತು.

ಮರುದಿನ ಹತ್ತು ಗಂಟೆಗೆ ಮತ್ತೆ ಬಂದರು. ಕೈಯಲ್ಲಿ ನಮ್ಮದೇ ಇಲಾಖೆಯ ಹಕ್ಕು ಅರ್ಜಿ, ಮುತ್ತಿನಂಥ ಅಕ್ಷರ. ಕಳೆದ ವಸ್ತು: ಮುಜುಗರ (ಹುದ್ದೆ). ಅರ್ಜಿದಾರರ ಸಂಬಂಧ: ವಂಶಸ್ಥ. ಸೀಲಕ್ಕ ಓದಲಿಲ್ಲ. ಧಡ್ ಎಂದು ಸೀಲು ಬಿತ್ತು, ನಂಬರ್ ನಾನೂರ ಹದಿನೇಳು. ನಮ್ಮಲ್ಲಿ ಒಮ್ಮೆ ನಂಬರ್ ಬಿದ್ದ ಅರ್ಜಿಯನ್ನು ಹರಿಯುವಂತಿಲ್ಲ. ಉಳಿದ ಕಾಲಂಗಳು ಖಾಲಿಯಿವೆ ಎಂದು ಮೇಡಂ ಗದರಿದ್ದಕ್ಕೆ ಅವನ್ನೂ ಸೀಲಕ್ಕನೇ ತುಂಬಿದರು. ಬಣ್ಣ: ಕೆಂಪು (ಮುಖಕ್ಕೆ ಬಂದಾಗ). ಬಸ್ಸು: ಎಲ್ಲ ಬಸ್ಸಿನಲ್ಲೂ. ಸೀಟು: ಎದುರುಬದುರು.

ಪರವಾಗಿಲ್ಲಯ್ಯ ತಾತನನ್ನು ಕಪಾಟಿನ ಮರೆಗೆ ಕರೆದುಕೊಂಡು ಹೋದ. ಹಿಂದೆ ನಾನೂ ಹೋದೆ.

"ಯಜಮಾನ್ರೇ, ಇದೆಲ್ಲ ಯಾಕೆ? ಹಲಗೆ ಮೇಲಿಂದು ನಿನ್ನೆ ಸಂಜೇನೇ ಅಳಿಸ್ಬೇಕಿತ್ತು, ಮರೆತೆ. ಈಗ್ಲೇ ಅಳಿಸ್ತೀನಿ."

"ನೀವು ಅಳಿಸಿದ್ರೂ ನಾನು ಬರ್ಕೊಂಡಿದೀನಲ್ಲ ಸ್ವಾಮಿ" ಎಂದು ತಾತ ಜೇಬು ತಟ್ಟಿಕೊಂಡರು. "ನಮ್ಮಪ್ಪ ಹಿಂಗೇ ಇದ್ರು, ನಮ್ಮ ತಾತ ಹಿಂಗೇ. ತಪ್ಪು ಯಾರೇ ಮಾಡ್ಲಿ, ಬೆವರೋರು ನಾವು. ಮನೇಲಿ ನನ್ನನ್ನ ಪೆಚ್ಚ ಅಂತಾರೆ, ನೆಂಟರು ಮೊದ್ದು ಅಂತಾರೆ. ನಲವತ್ತೆರಡು ವರ್ಷದಿಂದ ನಮ್ಮ ಮನೆಯೋಳು ಹಂಗೆ ಅನ್ನದೇ ಇರೋ ದಿನ ಇಲ್ಲ. ನಿನ್ನೆ ಹೋಗಿ ಓದಿ ಹೇಳಿದೆ. ಅವಳು ಮೊದಲನೇ ಸಲ ನನ್ನ ಮಾತು ಪೂರ್ತಿ ಕೇಳಿದ್ಲು. ಆದ್ರೆ ಕಾಗದ ತೋರ್ಸಿ, ಆಮೇಲೆ ನಂಬ್ತೀನಿ ಅಂದ್ಲು. ಒಂದು ಸರ್ಟಿಫಿಕೇಟ್ ಕೊಟ್ಬಿಡಿ ಸ್ವಾಮಿ. ನಮ್ಮದು ಪೆದ್ದುತನ ಅಲ್ಲ, ಉದ್ಯೋಗ ಅಂತ ಒಂದು ಸಾಲು ಸಾಕು."

ಪರವಾಗಿಲ್ಲಯ್ಯ ಅಂಗೈಗೆ ಅಂಟಿದ್ದ ಸೀಮೆಸುಣ್ಣದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

ನಿಯಮದ ಪ್ರಕಾರ ವಿಚಿತ್ರ ವಸ್ತುಗಳ ಹಕ್ಕನ್ನು ತೀರ್ಮಾನಿಸಲು ಮೇಲಧಿಕಾರಿ ಬರಬೇಕು. ಹಿಂದೆ ಹಾಗೆ ತೀರ್ಮಾನವಾದದ್ದು ಒಂದು ಗಿಳಿ, ಅದು ತನ್ನ ಯಜಮಾನನ ಹೆಸರನ್ನು ತಾನೇ ಹೇಳಿ ಕೆಲಸ ಸುಲಭ ಮಾಡಿತ್ತು. ವಿಚಾರಣೆ ಶುಕ್ರವಾರಕ್ಕೆ ನಿಗದಿಯಾಯಿತು, ಅಲ್ಲಿಯವರೆಗೆ ಹಲಗೆಯನ್ನು ಯಾರೂ ಒರೆಸುವಂತಿಲ್ಲ. ಮೂಲದ ಕಾಲಂ ತುಂಬಿದ ನೌಕರ ಆಧಾರ ತೋರಿಸಬೇಕು, ಇಲ್ಲವಾದರೆ ಸುಳ್ಳು ದಾಖಲೆಗೆ ಮೆಮೋ.

ಮೂರು ದಿನ ಕಚೇರಿಯಲ್ಲಿ ಎಲ್ಲರೂ ಅವನಿಗೆ ಬುದ್ಧಿ ಹೇಳಿದರು. "ಯಾವುದೋ ಹಳೇ ಪುಸ್ತಕದ ಹೆಸರು ಹೇಳಿ, ಪುಟ ಇಲಿ ತಿಂತು ಅನ್ನಿ" ಎಂದರು ಸೀಲಕ್ಕ. "ಹೆಂಗೂ ಇಲಿ ಇರೋದು ನಿಜ." ಮೇಡಂ ಮಾತ್ರ ತಮ್ಮ ಸ್ಕೇಲನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡರು. ನಾನು ಕೂಡ ಪುಸ್ತಕಕ್ಕೊಂದು ಹೆಸರು ಯೋಚಿಸಿಕೊಟ್ಟೆ. ಅವನು ಅದನ್ನು ಅಂಗೈಯಲ್ಲಿ ಬರೆದುಕೊಂಡ.

ಶುಕ್ರವಾರ ಅಧಿಕಾರಿಗಳು ಬಂದು ಮೇಡಂ ಕುರ್ಚಿಯಲ್ಲಿ ಕೂತರು. ಇಸ್ತ್ರಿ ಮಾಡಿದ ಅಂಗಿಯಲ್ಲಿ ತಾತ, ಪಕ್ಕದಲ್ಲಿ ಅವರ ಹೆಂಡತಿ, ಬೆಂಚಿನ ಮೇಲೆ. ಅಜ್ಜಿಯ ಮುಖ ನೋಡಿದರೆ ತೂಕದಲ್ಲಿ ಮೋಸ ಮಾಡುವ ಅಂಗಡಿಯವನೂ ಎರಡು ಕಾಳು ಜಾಸ್ತಿ ಹಾಕುವಂತಿತ್ತು.

ಅಧಿಕಾರಿಗಳು ಕಡತ ಓದಿದರು. ಬಣ್ಣದ ಕಾಲಂ ಬಂದಾಗ ಒಮ್ಮೆ ತಲೆಯೆತ್ತಿ ಸೀಲಕ್ಕನನ್ನು ನೋಡಿ ಮತ್ತೆ ಓದಿದರು. "ಮೂಲ ಬರೆದವರು ಯಾರು? ಆಧಾರ ಏನು? ಅದನ್ನ ಹೇಳಿ ಇಲ್ಲಿ ಸಹಿ ಹಾಕಿದ್ರೆ ಈ ಯಜಮಾನ್ರಿಗೆ ಸರ್ಟಿಫಿಕೇಟ್ ಕೊಟ್ಟು ಹೊರಡ್ತೀನಿ. ನಂಗೆ ಹನ್ನೆರಡಕ್ಕೆ ಇನ್ನೊಂದು ಮೀಟಿಂಗಿದೆ."

ಪರವಾಗಿಲ್ಲಯ್ಯ ಎದ್ದು ನಿಂತ. ಅಂಗೈ ನೋಡಿಕೊಂಡ. ಬೆವರಿಗೆ ಪುಸ್ತಕದ ಹೆಸರು ಅರ್ಧ ಅಳಿಸಿತ್ತು. ಪೆನ್ನು ಹಿಡಿದ. ಬೆಂಚಿನ ಮೇಲೆ ತಾತ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅವನು ಪೆನ್ನನ್ನು ಕೆಳಗಿಟ್ಟ.

"ಆಧಾರ ಇಲ್ಲ ಸಾರ್. ಅಂಥ ಹುದ್ದೆ ಇತ್ತು ಅಂತ ನಂಗೆ ಗೊತ್ತೇ ಇಲ್ಲ. ನಾನೇ ಕಟ್ಟಿ ಬರೆದೆ. ಜನ ನೋಡ್ತಿದ್ರು, ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಈ ಯಜಮಾನ್ರು ಇಷ್ಟು ನಂಬಿದಾರೆ, ಇವರ ಕೈಗೆ ಸುಳ್ಳು ಕಾಗದ ಕೊಡೋಕೆ ಮನಸ್ಸು ಬರ್ತಿಲ್ಲ. ಮೆಮೋ ಕೊಡಿ ಸಾರ್."

ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಸೀಲಕ್ಕ ತಮ್ಮ ಅಂಗೈಗೇ ಸೀಲು ಹೊಡೆದುಕೊಂಡರು. ಮೇಡಂ ಗೋಡೆಯ ಗಡಿಯಾರ ನೋಡಿದರು, ಅದು ನಿಂತು ಆರು ತಿಂಗಳಾಗಿತ್ತು. ನಾನು ಕಪಾಟಿನ ಕೊಡೆ ಎಣಿಸಿದೆ, ಮೂವತ್ತೊಂದು. ಕೋಣೆಯ ಮಧ್ಯೆ ಪರವಾಗಿಲ್ಲಯ್ಯ ಕಿವಿಯ ತುದಿಯವರೆಗೆ ಕೆಂಪಾಗಿ ನಿಂತಿದ್ದ.

ತಾತ ಎದ್ದರು. ಅವರ ಮುಖ ಇಳಿದುಹೋಗಿತ್ತು. ಬೈಯುತ್ತಾರೆ ಎಂದುಕೊಂಡೆವು.

"ಸ್ವಾಮಿ, ಇವರದೇನೂ ತಪ್ಪಿಲ್ಲ" ಎಂದರು ಅಧಿಕಾರಿಗಳಿಗೆ. "ನಾನೇ ಇವರಿಗೆ ಹಂಗೆ ಹೇಳಿ ಬರೆಸಿದ್ದು. ವಯಸ್ಸಾಯ್ತು ನೋಡಿ, ಏನೋ ಹಳೇದು ನೆನಪಾಗತ್ತೆ, ಬಾಯಿಗೆ ಬಂದಿದ್ದು ಹೇಳ್ತೀನಿ. ತಪ್ಪು ನಂದು ಅಂತ ಬರ್ಕೊಳ್ಳಿ." ಹೀಗೆಂದು ನಮ್ಮೆಲ್ಲರ ಎದುರಿಗೆ ತಲೆ ತಗ್ಗಿಸಿ ನಿಂತರು.

"ಇಲ್ಲ ಸಾರ್, ಇವರು ಬರೋಕೆ ಮುಂಚೇನೇ ನಾನು ಬರೆದಿದ್ದೆ" ಎಂದು ಪರವಾಗಿಲ್ಲಯ್ಯನೂ ತಲೆ ತಗ್ಗಿಸಿದ.

"ಇವರು ಒಳ್ಳೇವರು, ನನ್ನ ಮೇಲಿನ ಕನಿಕರಕ್ಕೆ ಹಂಗಂತಾರೆ" ಎಂದು ತಾತ ಇನ್ನೂ ಕೆಳಗೆ ತಗ್ಗಿಸಿದರು. ಇಬ್ಬರ ನಡುವೆ ಸ್ಪರ್ಧೆ ಏರ್ಪಟ್ಟು, ಎದುರಿಗೆ ಕೂತ ಅಧಿಕಾರಿಗಳಿಗೆ ಎರಡು ನಡುನೆತ್ತಿಗಳು ಮಾತ್ರ ಕಾಣಿಸುತ್ತಿದ್ದವು.

ಆಗ ಅಜ್ಜಿ ಎದ್ದರು. "ಏನಪ್ಪಾ ಆಫೀಸರಪ್ಪ, ನಿಮ್ಮಲ್ಲಿ ಸಾಮಾನು ಕೊಡೋಕೆ ಮುಂಚೆ ಗುರುತು ಕೇಳಲ್ವೇನು?"

"ಕೇಳ್ತೀವಿ ತಾಯಿ."

"ಹಂಗಾದ್ರೆ ಬರ್ಕೋ. ಪಕ್ಕದ ಮನೆಯೋರು ಬಂದಾಗ ಅವರ ಕೈಯಿಂದ ಗಾಜಿನ ಲೋಟ ಬಿದ್ದು ಒಡೀತು. ಇವರು ತಕ್ಷಣ ತಮ್ಮ ಲೋಟಾನೂ ಬೀಳಿಸಿದ್ರು. ಒಂದು ಸೆಟ್ಟು ಹಾಳಾಯ್ತಲ್ಲ ಅಂತ ನಾನು ಒಂದು ವಾರ ಬೈದೆ. ನಮ್ಮ ತಮ್ಮ ಮದುವೆ ಫೋಟೋದಲ್ಲಿ ಶರ್ಟಿನ ಗುಂಡಿ ತಪ್ಪಾಗಿ ಹಾಕ್ಕೊಂಡು ನಿಂತಿದ್ದ. ಎಲ್ಲರೂ ನಗೋಕೆ ಮುಂಚೆ ಇವರೂ ತಮ್ಮ ಗುಂಡಿ ತಪ್ಪಾಗಿ ಹಾಕ್ಕೊಂಡ್ರು. ಇಬ್ಬರು ಪೆದ್ದರು ಅಂತ ಇವತ್ತಿಗೂ ಆ ಫೋಟೋ ಗೋಡೆ ಮೇಲಿದೆ."

ಅಧಿಕಾರಿಗಳು ನಿಜವಾಗಿಯೂ ಬರೆದುಕೊಳ್ಳುತ್ತಿದ್ದರು.

"ಇನ್ನೊಂದು. ಮದುವೆಯಾಗಿ ಬಂದು ನಾನು ಮೊದಲನೇ ಸಲ ಅಡುಗೆ ಮಾಡಿದ ದಿನ. ಹನ್ನೊಂದು ಜನ ಊಟಕ್ಕೆ ಕೂತಿದ್ರು. ಗಾಬರೀಲಿ ಉಪ್ಪು ಎರಡು ಸಲ ಬಿದ್ದಿತ್ತು. ಅತ್ತೆ ತುತ್ತು ಬಾಯಿಗಿಟ್ಟೋರು ನುಂಗ್ಲಿಲ್ಲ, ಉಗುಳ್ಲಿಲ್ಲ. ಮಾವ ಸೂರು ನೋಡಿದ್ರು. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಆಗ ಇವರು, ನಂಗೆ ಸಪ್ಪೆ ಆಗಿದೆ, ಸ್ವಲ್ಪ ಉಪ್ಪು ಹಾಕು ಅಂದ್ರು. ಎಲ್ಲರೂ ಇವರ ಮೇಲೆ ಬಿದ್ರು, ನಿನ್ನ ನಾಲಿಗೆಗೇನು ಬಂದಿದೆ ಅಂತ. ನನ್ನ ಕಡೆ ಒಬ್ಬರೂ ನೋಡ್ಲಿಲ್ಲ." ಅಜ್ಜಿ ಗಂಡನ ಕಡೆ ತಿರುಗಿದರು. "ಅವತ್ತು ನಾನು ಬಚಾವಾದೆ ಅಂದ್ಕೊಂಡೆ. ಬಚಾವು ಮಾಡಿದ್ದು ಇವರು ಅಂತ ಈಗ, ಈ ಕಂದನ ಪರವಾಗಿ ತಲೆ ತಗ್ಗಿಸಿ ನಿಂತಾಗ ಗೊತ್ತಾಯ್ತು. ಅರಮನೆ ಗಿರಮನೆ ನಂಗೆ ಬೇಡ. ಇಂಥೋರು ನಮ್ಮ ಮನೇಲೇ ಇದ್ರಲ್ಲ. ನಾನು ನೋಡಿರ್ಲಿಲ್ಲ."

ಸೀಲಕ್ಕ ಮೂಗು ಒರೆಸಿಕೊಂಡದ್ದರಿಂದ ಅಂಗೈಯ ಸೀಲು ಮೂಗಿಗೂ ಹತ್ತಿತು. ಅಧಿಕಾರಿಗಳು ಮೆಮೋ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಗುರುತು ಸರಿಹೊಂದಿತು. ವಾರಸುದಾರರಿಗೆ ಒಪ್ಪಿಸಲಾಗಿದೆ" ಎಂದು ಬರೆದರು. ಪರವಾಗಿಲ್ಲಯ್ಯನ ಕಡೆ ತಿರುಗಿ, "ನೀವು ಮೇಜು, ಕುರ್ಚಿ ಅಂತ ಬರೀರಿ ಸಾಕು" ಅಂದರು.

"ಮೂಲದ ಕಾಲಂ ಏನು ಮಾಡೋದು ಸಾರ್? ಅಲ್ಲಿ ಬರೆದಿದ್ದು ಹೊಡೆದುಹಾಕಿದ್ರೆ..." ಎಂದು ಸೀಲಕ್ಕ ರಾಗ ಎಳೆದರು.

ಎಲ್ಲರೂ ಮೇಡಂ ಕಡೆ ನೋಡಿದೆವು. ಮೇಡಂ ಎದ್ದು ಹೋಗಿ ಹಲಗೆಯ ಮೂರನೆಯ ಕಾಲಮ್ಮನ್ನು ತಮ್ಮ ಕೈಯಾರೆ ಒರೆಸಿದರು. "ಗೊತ್ತಿಲ್ಲದ್ದು ಗೊತ್ತಿಲ್ಲ. ಒಂದು ಖಾಲಿ ಇರ್ಲಿ ಬಿಡಿ" ಅಂದರು. ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದವರು ನಾವೇ ಮೊದಲು.

ಪಡೆದುಕೊಂಡವರ ಸಹಿ ಎಂಬಲ್ಲಿ ಅಜ್ಜಿ ಸಹಿ ಹಾಕಿದರು. ಗಂಡಹೆಂಡಿರು ಬಾಗಿಲವರೆಗೆ ಹೋದರು. ಹೊಸ್ತಿಲಲ್ಲಿ ಅಜ್ಜಿ ಗಕ್ಕನೆ ನಿಂತರು.

"ರೀ."

"ಏನು?"

"ಅವತ್ತಿಂದ ನಿಮಗೆ ಉಪ್ಪು ಜಾಸ್ತಿ ಬೇಕು ಅಂತ ನಾನು ದಿನಾ ತಟ್ಟೆ ಅಂಚಿಗೆ ಬೇರೆ ಉಪ್ಪು ಬಡಿಸ್ತಾ ಬಂದಿದೀನಲ್ಲ. ಎರಡು ಹೊತ್ತೂ. ನಿಮಗೆ ಅದು ಬೇಕೋ, ಬೇಡ್ವೋ?"

ತಾತ ನೆಲ ನೋಡಿದರು. ಮೆಟ್ಟಿಲು ನೋಡಿದರು. ದಿಕ್ಕು ತೋಚದೆ ನಮ್ಮ ಕಡೆ ನೋಡಿದರು. ನಾವು ಹತ್ತಾರು ವರ್ಷ ಗುರುತು ಕೇಳಿ ಪಳಗಿದವರು, ಯಾರೂ ಕಣ್ಣು ತಪ್ಪಿಸಲಿಲ್ಲ.

"ನೀನು ಇಷ್ಟಪಟ್ಟು ಬಡಿಸ್ತೀಯಲ್ಲ ಅಂತ..."

"ಬೇಕೋ, ಬೇಡ್ವೋ?"

"ಬೇಡ" ಎಂದರು ತಾತ.

"ಎಷ್ಟು ದಿನದಿಂದ?"

"ಮೊದಲನೇ ದಿನದಿಂದ."

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಯಾವುದು, ಅಳು ಯಾವುದು ಎಂದು ನಮಗೂ ತಿಳಿಯಲಿಲ್ಲ. ಆಮೇಲೆ ಗಂಡನ ಕೈ ಹಿಡಿದುಕೊಂಡು, "ನಡೀರಿ ಮನೆಗೆ. ಇವತ್ತು ನಿಮಗೆ ಸಪ್ಪೆ ಅಡುಗೆ ಮಾಡಿ ಹಾಕ್ತೀನಿ" ಎನ್ನುತ್ತ ಮೆಟ್ಟಿಲಿಳಿದರು.